ನೇತ್ರವಿದ್ಯೆಯ ಬಾಗಿಲು ಪ್ರೌಢರಿಗೂ ತೆರೆಯಲಿ

ಕನ್ನಡಕಕ್ಕೆ ಚಾಳೀಸು ಎಂಬ ಇನ್ನೊಂದು ಹೆಸರು ನಮ್ಮ ಜನರ ಬಾಯಲ್ಲಿ, ವಿಶೇಷವಾಗಿ ಉತ್ತರದ ಜಿಲ್ಲೆಗಳಲ್ಲಿ, ಬಹುಕಾಲದಿಂದ ರೂಢವಾಗಿದೆ. ಚಾಳೀಸು ಎಂದರೆ ನಾಲ್ವತ್ತು. ಮನುಷ್ಯನಿಗೆ ನಾಲ್ವತ್ತು ವರ್ಷ ತುಂಬುವ ಸುಮಾರಿಗೆ ಕಣ್ಣಿನೊಳಗಿನ ಮಸೂರವು ತನ್ನ ಸಹಜವಾದ ಮೃದುತ್ವವನ್ನು ಕಳೆದುಕೊಂಡು ಬಿರುಸಾಗುತ್ತದೆ. ಕೈಯಲ್ಲಿ ಹಿಡಿದ ಕಾಗದದ ಅಕ್ಷರಗಳು ಮಸುಕಾಗುತ್ತವೆ. ಸೂಜಿಗೆ ದಾರ ಪೋಣಿಸುವುದಕ್ಕೆ ಮಕ್ಕಳನ್ನು ಕರೆಯಬೇಕಾಗುತ್ತದೆ. ವಿಜ್ಞಾನವು ಪುಟಗಟ್ಟಲೆ ಬರೆದು ತಿಳಿಸುವ ಈ ಸಂಗತಿಯನ್ನು ನಮ್ಮ ಜನರು ಒಂದು ಶಬ್ದದಲ್ಲಿ ಅಡಗಿಸಿಟ್ಟಿದ್ದಾರೆ. ಆದರೆ ಅದೇ ನಾಲ್ವತ್ತರ ಗೃಹಸ್ಥನೊಬ್ಬನು ಕನ್ನಡಕವನ್ನು ಕೊಳ್ಳುವುದಕ್ಕಲ್ಲ, ಕನ್ನಡಕವನ್ನು ನಿರ್ಣಯಿಸಿ ಕೊಡುವ ಶಾಸ್ತ್ರವನ್ನು ಕಲಿಯುವುದಕ್ಕೆ ಕಾಲೇಜಿನ ಬಾಗಿಲಿಗೆ ಹೋದರೆ, ಅವನ ಸಂಸಾರಕ್ಕೂ ಉದ್ಯೋಗಕ್ಕೂ ಒಗ್ಗುವ ಏರ್ಪಾಡು ಅಲ್ಲಿ ಯಾವುದೂ ಇಲ್ಲ. ಅವನನ್ನು ಹೊರಗಿಡುವ ಕಲಮು ಇಲ್ಲದಿರಬಹುದು. ಒಳಕ್ಕೆ ಕರೆದುಕೊಳ್ಳುವ ವ್ಯವಸ್ಥೆಯಂತೂ ಇಲ್ಲ. ಈ ಕೊರತೆಯನ್ನು ಅಧಿಕಾರಿವರ್ಗದವರ ಲಕ್ಷ್ಯಕ್ಕೂ ವಾಚಕರ ವಿಚಾರಕ್ಕೂ ತರುವುದು ಈ ಲೇಖನದ ಉದ್ದೇಶ.

ಮೊದಲು ಈ ವೃತ್ತಿ ಯಾವುದೆಂಬುದನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಹೆಸರುಗಳ ಗೊಂದಲವು ಇಲ್ಲಿ ಬಹಳ. ವೈದ್ಯ ಪದವಿಯನ್ನು ಪಡೆದು, ಅದರ ಮೇಲೆ ಕಣ್ಣಿನ ರೋಗಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ವಿಶೇಷವಾಗಿ ಅಭ್ಯಾಸಮಾಡಿದವರು ನೇತ್ರತಜ್ಞರು. ಬೇರೊಬ್ಬರು ಬರೆದುಕೊಟ್ಟ ಚೀಟಿಗೆ ತಕ್ಕಂತೆ ಗಾಜನ್ನು ಕೂರಿಸಿ ಕೊಡುವವರು ಕನ್ನಡಕದ ವ್ಯಾಪಾರಿಗಳು. ಇವರಿಬ್ಬರ ನಡುವೆ ನಿಂತು, ದೃಷ್ಟಿಯನ್ನು ಅಳೆದು, ಯಾವ ಕಣ್ಣಿಗೆ ಯಾವ ಶಕ್ತಿಯ ಮಸೂರ ಬೇಕೆಂದು ನಿರ್ಣಯಿಸಿ, ಮಕ್ಕಳ ಮೆಳ್ಳೆಗಣ್ಣನ್ನು ವೇಳೆಗೆ ಗುರುತಿಸಿ, ಗ್ಲಾಕೋಮವೋ ಸಕ್ಕರೆಕಾಯಿಲೆಯ ಉಪದ್ರವವೋ ಇರುವ ಸೂಚನೆ ಕಂಡೊಡನೆ ರೋಗಿಯನ್ನು ನೇತ್ರತಜ್ಞರಲ್ಲಿಗೆ ಕಳುಹಿಸತಕ್ಕವನು ಆಪ್ಟೋಮೆಟ್ರಿಸ್ಟ್. ದೃಷ್ಟಿಪರೀಕ್ಷಕನೆಂದು ಅವನನ್ನು ಕನ್ನಡದಲ್ಲಿ ಕರೆಯಬಹುದು. ಮೂರು ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್, ಒಟ್ಟು ನಾಲ್ಕು ವರ್ಷದ ಪದವಿ ಎಂಬುದು ನಮ್ಮಲ್ಲಿ ರೂಢಿಗೆ ಬಂದ ಕ್ರಮ. 1985ರಲ್ಲಿ ಮದರಾಸಿನಲ್ಲಿ ಶಂಕರ ನೇತ್ರಾಲಯದ ಆಶ್ರಯದಲ್ಲಿ ಆರಂಭವಾದ ಎಲೀಟ್ ವಿದ್ಯಾಲಯವು ಈ ನಾಲ್ಕು ವರ್ಷದ ಪದವಿಗೆ ದಾರಿ ತೋರಿದುದು. ಕರ್ಣಾಟಕದಲ್ಲಿಯೂ ಈ ಪದವಿಯನ್ನು ಬೋಧಿಸುವ ಕಾಲೇಜುಗಳು ಇಂದು ಹಲವು ಇವೆ.

ಕನ್ನಡಕವು ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದ ಪದಾರ್ಥವಲ್ಲ. ವಿಜಯನಗರದ ಕಾಲದಲ್ಲಿ, 1520ರ ಸುಮಾರಿಗೆ, ವ್ಯಾಸರಾಯರು ಕನ್ನಡಕವನ್ನು ಧರಿಸಿ ಗ್ರಂಥಾವಲೋಕನ ಮಾಡುತ್ತಿದ್ದರೆಂಬ ಉಲ್ಲೇಖವು ಸೋಮನಾಥ ಕವಿಯ ವ್ಯಾಸಯೋಗಿಚರಿತದಲ್ಲಿ ದೊರೆಯುವುದನ್ನು ವಿದ್ವಾಂಸರಾದ ಪಿ. ಕೆ. ಗೋಡೆಯವರು ತೋರಿಸಿಕೊಟ್ಟಿದ್ದಾರೆ. ಅಂದು ರಾಜಗುರುಗಳಿಗೆ ಮಾತ್ರ ದೊರೆಯುತ್ತಿದ್ದ ಈ ಸೌಕರ್ಯವು ಐನೂರು ವರ್ಷಗಳ ಮೇಲೆಯೂ ನಮ್ಮ ಹಳ್ಳಿಗಳ ಎಷ್ಟೋ ಮಂದಿಗೆ ದೊರೆತಿಲ್ಲವೆಂಬುದು ವಿಷಾದದ ಸಂಗತಿ.

ಅಂಕಿಗಳನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲಿ ಪ್ರಕಟಿಸಿದ ದೃಷ್ಟಿಯ ಕುರಿತಾದ ವರದಿಯ ಮೇರೆಗೆ ಜಗತ್ತಿನಲ್ಲಿ ಕಡಮೆಯೆಂದರೂ 220 ಕೋಟಿ ಜನರಿಗೆ ದೃಷ್ಟಿಯ ನ್ಯೂನತೆಯುಂಟು. ಅವರಲ್ಲಿ ಕಡಮೆಯೆಂದರೂ 100 ಕೋಟಿ ಜನರ ನ್ಯೂನತೆಯು ತಪ್ಪಿಸಬಹುದಾಗಿದ್ದುದು, ಇಲ್ಲವೆ ಈಗಲೂ ಸರಿಪಡಿಸಬಹುದಾದುದು. ಹತ್ತಿರದ್ದು ಕಾಣದೆಯೂ ತಕ್ಕ ಕನ್ನಡಕವಿಲ್ಲದೆ ಕಾಲ ನೂಕುತ್ತಿರುವವರೇ 82 ಕೋಟಿಗೆ ಮೇಲ್ಪಟ್ಟಿದ್ದಾರೆ. ಇವರಿಗೆ ಬೇಕಾದುದು ಶಸ್ತ್ರಚಿಕಿತ್ಸೆಯಲ್ಲ, ದುಬಾರಿಯಾದ ಔಷಧವೂ ಅಲ್ಲ. ಒಂದು ಜೊತೆ ಗಾಜು ಮತ್ತು ಅದನ್ನು ಅಳೆದು ಕೊಡುವ ಒಬ್ಬ ಮನುಷ್ಯ.

ಆ ಒಂದು ಜೊತೆ ಗಾಜಿನ ಬೆಲೆ ಏನೆಂಬುದಕ್ಕೆ ನಮ್ಮ ದೇಶದ್ದೇ ಆದ ಪ್ರಮಾಣವೊಂದಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಎಲೆ ಕೀಳುವ, ನಾಲ್ವತ್ತು ತುಂಬಿದ 751 ಮಂದಿ ಕೂಲಿಗಾರರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಕೂಡಲೆ ಕನ್ನಡಕವನ್ನು ಕೊಟ್ಟು, ಇನ್ನೊಂದಕ್ಕೆ ಪರೀಕ್ಷೆ ಮುಗಿದ ಮೇಲೆ ಕೊಟ್ಟು ನೋಡಿದ ಪ್ರಯೋಗದ ವರದಿಯು 2018ರಲ್ಲಿ ಲ್ಯಾನ್ಸೆಟ್ ಪತ್ರಿಕಾ ಸಮೂಹದಲ್ಲಿ ಪ್ರಕಟವಾಯಿತು. ಕನ್ನಡಕ ಪಡೆದವರ ಕೆಲಸವು ಪಡೆಯದವರದಕ್ಕಿಂತ ಶೇಕಡ 21ಕ್ಕೂ ಮಿಗಿಲಾಗಿ ಹೆಚ್ಚಿತು. ಇಳಕಲ್ಲಿನ ನೇಕಾರನಿಗೂ, ಅಕ್ಕಸಾಲಿಗನಿಗೂ, ದರ್ಜಿಗೂ, ಅಕ್ಕಿಯಲ್ಲಿ ಕಲ್ಲನ್ನು ಆರಿಸುವ ಗೃಹಿಣಿಗೂ ಈ ನ್ಯಾಯವು ಅನ್ವಯಿಸುವುದೆಂದು ಊಹಿಸುವುದಕ್ಕೆ ಪಂಡಿತರಾಗಬೇಕಾಗಿಲ್ಲ. ದೃಷ್ಟಿಯು ಬಡವನ ಬಂಡವಾಳ. ಅದು ಕುಗ್ಗಿದರೆ ಅವನ ಕೂಲಿಯೂ ಕುಗ್ಗುತ್ತದೆ.

ಅಂಧತ್ವ ನಿವಾರಣೆಗಾಗಿ ನಮ್ಮ ದೇಶವು 1976ರಲ್ಲಿಯೇ ರಾಷ್ಟ್ರೀಯ ಯೋಜನೆಯೊಂದನ್ನು ಕೈಕೊಂಡಿತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು, 1916ರಿಂದ 2005ರ ವರೆಗಿನ ತಮ್ಮ ದೀರ್ಘ ಜೀವನದಲ್ಲಿ, ಊರೂರಿಗೆ ಶಿಬಿರಗಳನ್ನು ಒಯ್ದು ಲಕ್ಷಾಂತರ ಜನರ ಕಣ್ಣಿನ ಪೊರೆಯನ್ನು ತೆಗೆದು ಬೆಳಕನ್ನು ಕೊಟ್ಟರು. ಇಂತಹ ಮಹನೀಯರ ಶ್ರಮದಿಂದಲೂ ಸರಕಾರದ ಯತ್ನದಿಂದಲೂ ಬಹಳ ಉಪಕಾರವಾಗಿದೆ. ಆದರೂ 2015ರಿಂದ 2019ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐವತ್ತು ತುಂಬಿದವರ ಪೈಕಿ ನೂರಕ್ಕೆ ಸುಮಾರು ಇಬ್ಬರು ಅಂಧರಾಗಿದ್ದುದೂ, ಆ ಅಂಧತ್ವದ ಮೂರರಲ್ಲಿ ಎರಡು ಪಾಲು ಪೊರೆಯಿಂದಲೇ ಉಂಟಾದುದೂ ಕಂಡುಬಂದಿತು. ಪೊರೆಯನ್ನು ತೆಗೆಯುವ ವೈದ್ಯರು ಪಟ್ಟಣದಲ್ಲಿದ್ದಾರೆ. ಪೊರೆ ಬಂದಿದೆಯೆಂದು ಹಳ್ಳಿಯಲ್ಲಿ ಕಂಡುಹಿಡಿದು ಅವರ ಬಳಿಗೆ ಕಳುಹಿಸುವ ಕಣ್ಣುಗಳು ಸಾಲವು. ಆ ಕಣ್ಣುಗಳನ್ನು ಸಿದ್ಧಪಡಿಸುವ ವಿದ್ಯೆಯೇ ನಾವು ಈಗ ಚರ್ಚಿಸುತ್ತಿರುವ ವಿದ್ಯೆ.

ಇದಕ್ಕೆ ತರುಣರು ಸಾಲರೇ, ಪ್ರೌಢರನ್ನೇಕೆ ಎಳೆಯಬೇಕು ಎಂದು ಕೆಲವರು ಕೇಳಬಹುದು. ತರುಣರು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಈ ಕಾಲೇಜುಗಳ ಬಾಗಿಲನ್ನು ತಟ್ಟಬಯಸುವ ಪ್ರೌಢರು ಎಂತಹವರೆಂಬುದನ್ನು ಸ್ವಲ್ಪ ವಿಚಾರಿಸಿ ನೋಡಿರಿ. ಕನ್ನಡಕದ ಅಂಗಡಿಯಲ್ಲಿ ಹದಿನೈದು ವರ್ಷ ಮಸೂರವನ್ನು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಗಿರಾಕಿಯ ಮೂಗಿಗೂ ಕಿವಿಗೂ ಸರಿಹೊಂದಿಸಿ ಕೊಟ್ಟ ಕೆಲಸಗಾರನು ಒಬ್ಬ. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡು ವರ್ಷದ ಡಿಪ್ಲೊಮಾದ ಬಲದಿಂದ ನೇತ್ರ ಸಹಾಯಕನಾಗಿ ದುಡಿದು, ಮುಂದಿನ ಮೆಟ್ಟಿಲನ್ನು ಕಾಣದೆ ನಿಂತವನು ಇನ್ನೊಬ್ಬ. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿ, ಮದುವೆಯಾಗಿ, ಮಕ್ಕಳು ದೊಡ್ಡವರಾದ ಬಳಿಕ ತನ್ನ ವಿದ್ಯೆಯನ್ನು ಮುಂದುವರಿಸಲೆಳಸುವ ಗೃಹಿಣಿ ಮತ್ತೊಬ್ಬಳು. ಔಷಧ ಕಂಪೆನಿಯ ಪ್ರತಿನಿಧಿಯಾಗಿ ಊರೂರು ಅಲೆದು ಬೇಸತ್ತು, ನಿಂತ ನೆಲದಲ್ಲಿ ನೆಟ್ಟಗೆ ಒಂದು ವೃತ್ತಿಯನ್ನು ಮಾಡಬಯಸುವ ವಿಜ್ಞಾನದ ಪದವೀಧರನು ಮಗುದೊಬ್ಬ. ಇವರಲ್ಲಿ ಯಾರೂ ಹುಡುಗಾಟಕ್ಕೆ ಬಂದವರಲ್ಲ. ತಂದೆಯ ಬಲವಂತಕ್ಕೋ, ವೈದ್ಯಕೀಯ ಸೀಟು ದೊರೆಯಲಿಲ್ಲವೆಂಬ ನಿರಾಶೆಗೋ ಈ ವಿದ್ಯೆಯನ್ನು ಹಿಡಿದವರೂ ಅಲ್ಲ. ತಾವು ಏನನ್ನು ಕಲಿಯುತ್ತೇವೆ, ಏತಕ್ಕೆ ಕಲಿಯುತ್ತೇವೆ ಎಂಬುದನ್ನು ತಿಳಿದವರು. ಅಲ್ಲದೆ ಇವರು ಬಹುಮಟ್ಟಿಗೆ ಮನೆಮಾರು ಮಾಡಿಕೊಂಡು ತಮ್ಮ ಊರಿನಲ್ಲಿ ಬೇರು ಬಿಟ್ಟವರು. ಪದವಿಯನ್ನು ಪಡೆದ ಇಪ್ಪತ್ತೆರಡರ ತರುಣನು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೊರಡುವುದು ಸಹಜ. ಸಿಂಧನೂರಿನಲ್ಲಿ ಮನೆಯೂ ಮಕ್ಕಳ ಶಾಲೆಯೂ ಇರುವವನು ಸಿಂಧನೂರಿನಲ್ಲಿಯೇ ನಿಲ್ಲುವ ಸಂಭವ ಹೆಚ್ಚು. ದೃಷ್ಟಿಪರೀಕ್ಷಕರು ಯಾವ ಊರುಗಳಿಗೆ ಬೇಕೋ ಆ ಊರುಗಳಲ್ಲಿ ನಿಲ್ಲತಕ್ಕವರು ಇವರೇ ಎಂಬುದು ನಮ್ಮ ಎಣಿಕೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇದಕ್ಕೆ ಅಡ್ಡವಾಗಿ ತರುವವರುಂಟು. ಗಾದೆಯು ಸ್ವಭಾವವನ್ನು ಕುರಿತು ಹೇಳಿದುದೇ ಹೊರತು ವಿದ್ಯೆಯನ್ನು ಕುರಿತು ಹೇಳಿದುದಲ್ಲ. 1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯವರು ಲಾಂದ್ರದ ಬೆಳಕಿನಲ್ಲಿ ಅಕ್ಷರಾಭ್ಯಾಸ ಮಾಡಿಸಿದಾಗ ಸ್ಲೇಟು ಹಿಡಿದು ಕುಳಿತವರಲ್ಲಿ ತಲೆ ನರೆತವರಿಗೆ ಕೊರತೆಯಿರಲಿಲ್ಲ. ಅಕ್ಷರವನ್ನು ಕಲಿಯುವುದಕ್ಕೆ ಅಡ್ಡಬಾರದ ವಯಸ್ಸು ಬೆಳಕಿನ ನಿಯಮಗಳನ್ನು ಕಲಿಯುವುದಕ್ಕೆ ಅಡ್ಡಬರುವುದೆನ್ನುವುದು ಹೇಗೆ? ಕಂಠಪಾಠದಲ್ಲಿ ಹದಿನೆಂಟರವನು ಮುಂದಾಗಬಹುದು. ರೋಗಿಯನ್ನು ಮಾತನಾಡಿಸುವುದರಲ್ಲಿ, ಹೆದರಿದ ಮಗುವನ್ನು ಸಂತೈಸುವುದರಲ್ಲಿ, ವೃದ್ಧೆಯೊಬ್ಬಳು ಅರ್ಧ ನುಡಿದು ಬಿಟ್ಟ ಮಾತಿನಿಂದ ಅವಳ ತೊಂದರೆಯನ್ನು ಊಹಿಸುವುದರಲ್ಲಿ ಲೋಕಾನುಭವವಿದ್ದವನೇ ಮುಂದು. ದೃಷ್ಟಿಪರೀಕ್ಷೆಯ ಕೆಲಸದಲ್ಲಿ ಅರ್ಧ ಭಾಗ ಇಂತಹುದೇ.

ದೇಶದ ನೀತಿಯೂ ಈ ದಿಕ್ಕಿಗೆ ತಿರುಗಿದೆ. ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಗೆ ಇದ್ದ ಗರಿಷ್ಠ ವಯೋಮಿತಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದವರು 2022ರಲ್ಲಿ ತೆಗೆದುಹಾಕಿದರು. ವಿಜ್ಞಾನವನ್ನು ಓದದೆ ಶಾಲೆಯನ್ನು ಬಿಟ್ಟವರು, ವಯಸ್ಸು ಎಷ್ಟೇ ಆಗಿದ್ದರೂ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಯ ಪರೀಕ್ಷೆಯನ್ನು ಕಟ್ಟಬಹುದು. ಕೆಲಸದಲ್ಲಿರುವವರು ಇಂಜಿನಿಯರಿಂಗ್ ಪದವಿಯನ್ನು ಓದುವುದಕ್ಕೆ ಅನುಕೂಲವಾದ ವೇಳೆಗಳಲ್ಲಿ ತರಗತಿಗಳನ್ನು ನಡೆಸುವುದಕ್ಕೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯವರು ಈಚಿನ ವರ್ಷಗಳಲ್ಲಿ ಕಾಲೇಜುಗಳಿಗೆ ಅನುಮತಿ ಕೊಟ್ಟಿದ್ದಾರೆ. ಕಲೆ ಮತ್ತು ವಾಣಿಜ್ಯ ವಿಷಯಗಳ ಸಂಜೆ ಕಾಲೇಜುಗಳಂತೂ ನಮ್ಮ ಪಟ್ಟಣಗಳಿಗೆ ಹೊಸತಲ್ಲ. ಹೀಗಿರುವಲ್ಲಿ ನೇತ್ರವಿದ್ಯೆಯೊಂದು ಹಿಂದುಳಿಯಬೇಕೇಕೆ?

ಇಲ್ಲಿ ಒಂದು ತೊಡಕುಂಟು. ಅದನ್ನು ಮುಚ್ಚಿಡದೆ ಹೇಳಬೇಕು. ಆರೋಗ್ಯ ವಿಷಯಗಳನ್ನು ದೂರಶಿಕ್ಷಣದ ಮೂಲಕ ಬೋಧಿಸಕೂಡದೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗದವರು 2025ರಲ್ಲಿ ಕಟ್ಟುನಿಟ್ಟು ಮಾಡಿದರು. ಮನೆಯಲ್ಲಿ ಕುಳಿತು ಪಾಠಗಳನ್ನು ಅಂಚೆಯಲ್ಲಿಯೋ ಕಂಪ್ಯೂಟರಿನಲ್ಲಿಯೋ ತರಿಸಿಕೊಂಡು ಈ ಪದವಿಯನ್ನು ಪಡೆಯುವ ಆಸೆಯನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಪ್ರೌಢರಿಗೆ ಇದರಿಂದ ಕಷ್ಟವಾದರೂ ಈ ನಿರ್ಬಂಧವು ಸರಿಯಾದುದೆಂದೇ ನಾವು ಹೇಳುತ್ತೇವೆ. ರೆಟಿನೋಸ್ಕೋಪ್ ಎಂಬ ಸಣ್ಣ ಉಪಕರಣವನ್ನು ತೆಗೆದುಕೊಳ್ಳಿರಿ. ಕತ್ತಲೆಯ ಕೋಣೆಯಲ್ಲಿ ಅದರಿಂದ ಬೆಳಕಿನ ಗೆರೆಯೊಂದನ್ನು ರೋಗಿಯ ಪಾಪೆಯ ಮೇಲೆ ಹಾಯಿಸಿದರೆ ಒಳಗಿನಿಂದ ಕೆಂಪು ಛಾಯೆಯೊಂದು ಹಿಂದಿರುಗುತ್ತದೆ. ಆ ಛಾಯೆಯು ಗೆರೆಯ ಜೊತೆಗೆ ಚಲಿಸುವುದೋ, ಎದುರಾಗಿ ಚಲಿಸುವುದೋ ಎಂಬುದನ್ನು ನೋಡಿ, ಮಸೂರಗಳನ್ನು ಒಂದರ ಮೇಲೊಂದು ಬದಲಾಯಿಸುತ್ತ, ಚಲನೆಯು ನಿಂತು ಪಾಪೆಯೆಲ್ಲ ಒಮ್ಮೆಗೇ ಬೆಳಗುವ ಘಟ್ಟವನ್ನು ಹಿಡಿಯಬೇಕು. ಮಾತು ಬಾರದ ಮಗುವಿಗೂ ಅಕ್ಷರ ಬಾರದ ಮುದುಕನಿಗೂ ಎಂತಹ ಕನ್ನಡಕ ಬೇಕೆಂಬುದು ಇದರಿಂದ ತಿಳಿಯುತ್ತದೆ. ನೂರಾರು ಕಣ್ಣುಗಳನ್ನು, ತಿಳಿದವರು ಬಳಿಯಲ್ಲಿ ನಿಂತಿರುವಾಗ, ನೋಡಿದ ಹೊರತು ಇದು ಕೈಗೆ ಹತ್ತತಕ್ಕ ವಿದ್ಯೆಯಲ್ಲ. ಪುಸ್ತಕದಿಂದ ಈಜು ಕಲಿತವನನ್ನು ಹೊಳೆಗಿಳಿಸುವುದು ಹೇಗೆ ಅಪಾಯವೋ, ಅಂಚೆಯಲ್ಲಿ ಕಲಿತವನ ಮುಂದೆ ಕಣ್ಣು ತೆರೆದು ಕುಳಿತುಕೊಳ್ಳುವುದೂ ಹಾಗೆಯೇ.

ಆದಕಾರಣ ದೂರಶಿಕ್ಷಣವು ಪರಿಹಾರವಲ್ಲ. ಪರಿಹಾರವು ಕಾನೂನಿನಲ್ಲಿಯೇ ಇದೆ. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ ಅಷ್ಟೆ. 2021ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ರಾಷ್ಟ್ರೀಯ ಸಂಲಗ್ನ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಅಧಿನಿಯಮವು ದೃಷ್ಟಿಪರೀಕ್ಷಕನ ವೃತ್ತಿಯನ್ನು ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿದೆ. ಅದರ ಪ್ರಕಾರ ಆರೋಗ್ಯ ವೃತ್ತಿಪರನೆನಿಸಿಕೊಳ್ಳತಕ್ಕವನ ಪದವಿ ಶಿಕ್ಷಣವು 3,600 ಗಂಟೆಗಳಿಗೆ ಕಡಮೆಯಿಲ್ಲದಂತೆ, ಮೂರರಿಂದ ಆರು ವರ್ಷಗಳ ಅವಧಿಯಲ್ಲಿ ಹರಡಿರತಕ್ಕದ್ದು. ವಾಚಕರು ಈ ಮಾತನ್ನು ಇನ್ನೊಮ್ಮೆ ಓದಬೇಕೆಂದು ಪ್ರಾರ್ಥಿಸುತ್ತೇವೆ. ಮೂರರಿಂದ ಆರು ವರ್ಷ. ಅಂದರೆ ಗಂಟೆಗಳು ಕಡಮೆಯಾಗಕೂಡದೆಂಬುದೇ ಶಾಸನಕರ್ತರ ಇಂಗಿತ. ವರ್ಷಗಳು ಹೆಚ್ಚಾದರೆ ಆರರ ವರೆಗೆ ಅವರ ಅಭ್ಯಂತರವಿಲ್ಲ.

ಲೆಕ್ಕ ಹಾಕಿ ನೋಡೋಣ. 3,600 ಗಂಟೆಗಳನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 1,200 ಗಂಟೆ; ಇದು ಹಗಲೆಲ್ಲ ಕಾಲೇಜಿನಲ್ಲಿರತಕ್ಕ ಹುಡುಗನಿಗೆ ಸಾಧ್ಯ, ಸಂಸಾರಿಗೆ ಅಸಾಧ್ಯ. ಅದನ್ನೇ ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 600 ಗಂಟೆ. ವರ್ಷದಲ್ಲಿ ಐವತ್ತು ವಾರ ಪಾಠ ನಡೆಯಿತೆಂದರೆ ವಾರಕ್ಕೆ ಹನ್ನೆರಡು ಗಂಟೆ. ವಾರದಲ್ಲಿ ಎರಡು ಸಂಜೆ ಎರಡೆರಡು ಗಂಟೆಯ ಪಾಠ, ಭಾನುವಾರ ಆಸ್ಪತ್ರೆಯಲ್ಲಿ ಎಂಟು ಗಂಟೆಯ ಅಭ್ಯಾಸ. ಹನ್ನೆರಡು ಗಂಟೆ ತುಂಬಿತು. ಶಾಸನವು ಹೇಳುವುದು ಕನಿಷ್ಠ ಪ್ರಮಾಣ. ಪಠ್ಯಕ್ರಮವು ಅದಕ್ಕಿಂತ ಹೆಚ್ಚು ಗಂಟೆಗಳನ್ನು ಕೇಳಬಹುದು. 4,800 ಗಂಟೆಯೆಂದೇ ಇಟ್ಟುಕೊಂಡರೂ ವಾರಕ್ಕೆ ಹದಿನಾರು ಗಂಟೆ. ಕಷ್ಟವೇ ಸರಿ, ಆದರೆ ದುಡಿಯುವ ಮನುಷ್ಯನು ಮನಸ್ಸು ಮಾಡಿದರೆ ನಿರ್ವಹಿಸತಕ್ಕ ಕಷ್ಟ. ಇಂಟರ್ನ್‌ಶಿಪ್ಪಿನ ಕಾಲವನ್ನು ಮಾತ್ರ ಪೂರ್ಣಾವಧಿಯಾಗಿಯೇ ಇಡಲಿ. ಅದಕ್ಕೆ ಬೇಕಾದ ರಜವನ್ನೂ ಉಳಿತಾಯವನ್ನೂ ಅವನು ಆ ಆರು ವರ್ಷಗಳಲ್ಲಿ ಸಿದ್ಧಪಡಿಸಿಕೊಳ್ಳುವನು.

ಪರೀಕ್ಷೆಯನ್ನು ಸುಲಭಗೊಳಿಸಿರೆಂದು ನಾವು ಕೇಳುವುದಿಲ್ಲ. ಪ್ರಶ್ನಪತ್ರಿಕೆಯೂ ಪ್ರಾಯೋಗಿಕ ಪರೀಕ್ಷೆಯೂ ಉತ್ತೀರ್ಣಾಂಕವೂ ತರುಣರಿಗಿರುವಂತೆಯೇ ಇರಲಿ. ದಯೆಯಿಂದ ಕೊಟ್ಟ ಪದವಿಯು ರೋಗಿಗೆ ಕೇಡು, ಪದವೀಧರನಿಗೆ ಅವಮಾನ. ನಾವು ಕೇಳುವುದು ಗಂಟೆಗಳಲ್ಲಿ ರಿಯಾಯಿತಿಯನ್ನಲ್ಲ, ಗಡಿಯಾರದಲ್ಲಿ ಅನುಕೂಲವನ್ನು.

ಇನ್ನು ಆಕ್ಷೇಪಣೆಗಳಿಗೆ ಬರೋಣ. ನಾಲ್ವತ್ತರಲ್ಲಿ ಸೇರಿ ನಾಲ್ವತ್ತೇಳರಲ್ಲಿ ಹೊರಬಂದವನು ಎಷ್ಟು ಕಾಲ ಸೇವೆ ಮಾಡಿಯಾನು, ಒಂದು ಸ್ಥಾನವು ವ್ಯರ್ಥವಾಯಿತಲ್ಲವೇ ಎನ್ನುತ್ತಾರೆ. ಇದು ಭಾರ ಹೊರುವ ಕೆಲಸವಲ್ಲ. ಕುಳಿತು, ನೋಡಿ, ವಿಚಾರಿಸಿ ಮಾಡತಕ್ಕ ಕೆಲಸ. ಅರುವತ್ತೈದರ ವರೆಗೂ ಧಾರಾಳವಾಗಿ ಮಾಡಬಹುದು. ಹದಿನೆಂಟು ವರ್ಷ ಒಂದೇ ಊರಿನಲ್ಲಿ ನಿಂತು ಮಾಡಿದ ಸೇವೆಯು, ಪದವಿ ಪಡೆದ ಮಾರನೆಯ ವರ್ಷವೇ ಬೇರೆ ಉದ್ಯೋಗಕ್ಕೆ ಹಾರಿಹೋದವನ ಸೇವೆಗಿಂತ ಕಿರಿದೇ? ಎರಡನೆಯ ಆಕ್ಷೇಪಣೆ ಅಧ್ಯಾಪಕರದು. ಸಂಜೆಯ ಪಾಠಕ್ಕೆ ಯಾರು ನಿಲ್ಲುವರು, ಭಾನುವಾರ ಆಸ್ಪತ್ರೆಯ ಬಾಗಿಲನ್ನು ಯಾರು ತೆರೆಯುವರು ಎಂಬ ಈ ಪ್ರಶ್ನೆಯು ನ್ಯಾಯವಾದುದು. ಹೆಚ್ಚಿನ ವೇತನವಿಲ್ಲದೆ ಅಧ್ಯಾಪಕರಿಂದ ಹೆಚ್ಚಿನ ಕೆಲಸವನ್ನು ತೆಗೆಯಬೇಕೆಂದು ನಾವು ಹೇಳಲಾರೆವು. ಆದರೆ ಭಾನುವಾರ ತೆರೆದ ಕಣ್ಣಿನ ವಿಭಾಗದಿಂದ ಪ್ರಯೋಜನವು ವಿದ್ಯಾರ್ಥಿಗೆ ಮಾತ್ರವಲ್ಲ. ವಾರದ ದಿನಗಳಲ್ಲಿ ಕೂಲಿಯನ್ನು ಬಿಟ್ಟು ಬರಲಾರದ ರೋಗಿಗೂ ಅದೇ ದಿನ ಅನುಕೂಲ. ಕಲಿಯುವವನಿಗೂ ನೋಡಿಸಿಕೊಳ್ಳುವವನಿಗೂ ಒಂದೇ ವೇಳೆ ಒಪ್ಪುವುದಾದರೆ ಆ ಖರ್ಚನ್ನು ಸರಕಾರದವರು ಆರೋಗ್ಯದ ಲೆಕ್ಕದಲ್ಲಿ ಬರೆದುಕೊಳ್ಳಲು ಅಡ್ಡಿಯೇನು?

ಪ್ರವೇಶದ ಬಾಗಿಲನ್ನು ತೆರೆದರೆ ಮಾತ್ರ ಸಾಲದು, ಹೊರಬರುವ ಬಾಗಿಲನ್ನೂ ನೋಡಬೇಕು. 1977ರ ನಮ್ಮ ಸಾಮಾನ್ಯ ನೇಮಕಾತಿ ನಿಯಮಗಳಲ್ಲಿ ಸರಕಾರಿ ಹುದ್ದೆಗೆ ಗೊತ್ತುಪಡಿಸಿದ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೂ ಪ್ರವರ್ಗ ಒಂದಕ್ಕೂ 40. ಸರಕಾರದವರು ಇದನ್ನು ಆಗಾಗ ಸಡಿಲಿಸಿದುದುಂಟು. ಆದರೂ ಮೂವತ್ತನಾಲ್ಕರಲ್ಲಿ ಓದಲು ಕುಳಿತವನು ಪದವಿಯನ್ನು ಕೈಯಲ್ಲಿ ಹಿಡಿದು ಬರುವ ವೇಳೆಗೆ ತಾಲ್ಲೂಕು ಆಸ್ಪತ್ರೆಯ ಹುದ್ದೆಯು ಅವನ ಪಾಲಿಗೆ ಮುಚ್ಚಿಹೋಗುವ ಸಂಭವವೇ ಹೆಚ್ಚು. ಆ ಹುದ್ದೆಯು ಖಾಲಿಯಾಗಿ, ಆ ಮನುಷ್ಯನು ಅರ್ಹನಾಗಿ, ಇಬ್ಬರ ನಡುವೆ ಜನ್ಮಪತ್ರಿಕೆಯೊಂದು ನಿಂತಿರುವುದು ಯಾವ ನೀತಿ? ಕಣ್ಣಿನ ಸೇವೆಯ ಹುದ್ದೆಗಳಿಗೆ, ವಿಶೇಷವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ, ಈ ಮಿತಿಯನ್ನು ಶಾಶ್ವತವಾಗಿ ಏರಿಸತಕ್ಕದ್ದು. ಹಾಗೆಯೇ ಸರಕಾರದ ಕೆಲಸದಲ್ಲಿರುವ ನೇತ್ರ ಸಹಾಯಕರು ಪದವಿಯನ್ನು ಓದಲಿಚ್ಛಿಸಿದರೆ, ಮುಗಿಸಿದ ಮೇಲೆ ಇಷ್ಟು ವರ್ಷ ಅದೇ ಜಿಲ್ಲೆಯಲ್ಲಿ ಸೇವೆ ಮಾಡತಕ್ಕದ್ದೆಂಬ ಕರಾರಿನ ಮೇಲೆ, ಅಧ್ಯಯನದ ರಜವನ್ನು ಕೊಡತಕ್ಕದ್ದು. ಡಿಪ್ಲೊಮಾ ಪಡೆದವರನ್ನು ಅದೇ ವಿಷಯದ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳುವ ಲ್ಯಾಟರಲ್ ಎಂಟ್ರಿಯ ಕ್ರಮವು ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ನಿಯಮಗಳಲ್ಲಿ ಹಿಂದೆಯೇ ಸ್ಥಾನ ಪಡೆದಿತ್ತು. ಹೊಸ ಕಾನೂನಿನ ಹೊಸ ಪಠ್ಯಕ್ರಮದ ಸಂಭ್ರಮದಲ್ಲಿ ಈ ಹಳೆಯ ಒಳ್ಳೆಯ ಬಾಗಿಲು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಈಗ, ಓದಲಿಚ್ಛಿಸುವ ಪ್ರೌಢರಿಗೆ ಎರಡು ಮಾತು. ಉತ್ಸಾಹವನ್ನು ಕುಗ್ಗಿಸುವುದು ನಮ್ಮ ಅಭಿಪ್ರಾಯವಲ್ಲ. ಕಣ್ಣು ಮುಚ್ಚಿ ಬಾವಿಗೆ ಬೀಳಬಾರದೆಂಬುದೇ ನಮ್ಮ ಕಾಳಜಿ. ಈ ವೃತ್ತಿಯಲ್ಲಿ ಆರಂಭದ ಸಂಬಳವು ಹೆಚ್ಚಿನದಲ್ಲ. ಈಗಿನ ಆದಾಯವನ್ನು ಬಿಟ್ಟು ಬರುವವರು ಮನೆಯವರೊಡನೆ ಕುಳಿತು ಲೆಕ್ಕವನ್ನು ಪೈಸೆಪೈಸೆಯಾಗಿ ಬರೆದು ನೋಡಬೇಕು. ಎರಡು ತಿಂಗಳಲ್ಲಿ, ಆರು ತಿಂಗಳಲ್ಲಿ ಕಣ್ಣಿನ ಪರೀಕ್ಷೆಯನ್ನು ಕಲಿಸಿ ಸರ್ಟಿಫಿಕೇಟು ಕೊಡುತ್ತೇವೆಂದು ಜಾಹೀರಾತು ಹಾಕುವವರಿದ್ದಾರೆ. ಅವರಿಗೆ ಬೇಕಾದುದು ನಿಮ್ಮ ಹಣವೇ ಹೊರತು ನಿಮ್ಮ ಏಳಿಗೆಯಲ್ಲ. ಮಾನ್ಯವಾದ ಪದವಿಯೂ ನೋಂದಣಿಯೂ ಇಲ್ಲದೆ ಈ ವೃತ್ತಿಯ ಹೆಸರನ್ನು ಹೇಳಿಕೊಳ್ಳುವ ಕಾಲವು ಹೊಸ ಅಧಿನಿಯಮದಿಂದ ಮುಗಿಯುತ್ತ ಬಂದಿದೆ. ಕಾಲೇಜಿಗೆ ಹಣ ಕಟ್ಟುವ ಮೊದಲು ಮೂರು ಸಂಗತಿಗಳನ್ನು ವಿಚಾರಿಸಿರಿ: ಕಾಲೇಜಿಗೆ ವಿಶ್ವವಿದ್ಯಾನಿಲಯದ ಮಾನ್ಯತೆಯುಂಟೇ; ದಿನಂಪ್ರತಿ ರೋಗಿಗಳು ಬರುವ ಕಣ್ಣಿನ ಆಸ್ಪತ್ರೆಯೊಡನೆ ಅದಕ್ಕೆ ಸಂಬಂಧವುಂಟೇ; ನಿಮ್ಮ ಹಳೆಯ ಪಿ.ಯು.ಸಿ.ಯ ಅಥವಾ ಮುಕ್ತ ಶಾಲೆಯ ವಿಷಯಗಳು ಪ್ರವೇಶಕ್ಕೆ ಸಲ್ಲುವುವೇ. ಮೂರನೆಯದನ್ನು ವಿಶ್ವವಿದ್ಯಾನಿಲಯದಿಂದಲೇ ಬರಹದಲ್ಲಿ ಪಡೆದುಕೊಳ್ಳಿರಿ. ಕಾಲೇಜಿನ ಗುಮಾಸ್ತನ ಬಾಯಿಮಾತನ್ನು ನಂಬಿ ಒಂದು ವರ್ಷವನ್ನು ಕಳೆದುಕೊಳ್ಳಬೇಡಿರಿ. ಭೌತಶಾಸ್ತ್ರದ ಬೆಳಕಿನ ಅಧ್ಯಾಯವನ್ನೂ ಸ್ವಲ್ಪ ಗಣಿತವನ್ನೂ ಸೇರುವ ಮೊದಲೇ ಮತ್ತೊಮ್ಮೆ ತಿರುವಿಹಾಕಿರಿ. ಇಪ್ಪತ್ತು ವರ್ಷ ಬಿಟ್ಟ ವಿದ್ಯೆಗೆ ತುಕ್ಕು ಹಿಡಿದಿರುವುದು. ಆದರೆ ತುಕ್ಕು ಉಜ್ಜಿದರೆ ಹೋಗುತ್ತದೆ.

ಗೃಹಸ್ಥರಿಗೂ ಒಂದು ಮಾತುಂಟು. ಮಗನ ಜೊತೆಗೆ ತಂದೆಯೂ ಪುಸ್ತಕ ಹಿಡಿದು ಹೊರಟರೆ ನಗುವ ನೆರೆಹೊರೆಯವರು ನಮ್ಮಲ್ಲಿ ಇನ್ನೂ ಇದ್ದಾರೆ. ಹೆಂಗಸರ ವಿಷಯದಲ್ಲಿ ಆ ನಗೆಯು ಬಲುಬೇಗ ನಿಂದೆಯಾಗಿ ತಿರುಗುತ್ತದೆ. ಗಂಡನು ಊಟವನ್ನು ಬಡಿಸಿಕೊಂಡು ಉಂಡರೆ, ಅತ್ತೆಯವರು ಮಕ್ಕಳನ್ನು ಎರಡು ಸಂಜೆ ನೋಡಿಕೊಂಡರೆ, ಊರಿಗೊಬ್ಬಳು ದೃಷ್ಟಿಪರೀಕ್ಷಕಳು ದೊರೆಯುವಳು. ಪರಪುರುಷನೆದುರಿಗೆ ಕತ್ತಲೆಯ ಕೋಣೆಯಲ್ಲಿ ಕುಳಿತುಕೊಳ್ಳಲು ಸಂಕೋಚಪಟ್ಟು ಕಣ್ಣನ್ನೇ ತೋರಿಸದಿರುವ ಎಷ್ಟೋ ಮಂದಿ ಹೆಂಗಸರು ಅವಳ ಬಳಿಗೆ ಬರುವರು. ಇದೇನು ಅಲ್ಪ ಫಲವೇ? ಕನ್ನಡಕದ ವರ್ತಕರು ತಮ್ಮ ಬಳಿ ದುಡಿದು ಪಳಗಿದವರು ಓದಲಿಚ್ಛಿಸಿದಾಗ ವಾರದಲ್ಲಿ ಎರಡು ಸಂಜೆ ಅವರನ್ನು ಬೇಗ ಬಿಟ್ಟುಕೊಟ್ಟರೆ ಅದರ ಲಾಭವು ಮುಂದೆ ಅವರ ಅಂಗಡಿಗೇ ಬರುವುದು. ಪದವಿ ಪಡೆದ ಪರೀಕ್ಷಕನಿರುವ ಅಂಗಡಿಯನ್ನು ಜನರು ಹುಡುಕಿಕೊಂಡು ಹೋಗುವರು.

ನಮ್ಮ ಬೇಡಿಕೆಯನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದವರು, ಆಯೋಗದ ಒಪ್ಪಿಗೆಯನ್ನು ಪಡೆದು, ಆರು ವರ್ಷದ ನಿಧಾನ ಕ್ರಮವೊಂದನ್ನು ರಚಿಸಲಿ. ಒಮ್ಮೆಗೇ ಎಲ್ಲ ಕಾಲೇಜುಗಳಲ್ಲಿ ಬೇಡ. ಬೆಂಗಳೂರಿನಲ್ಲೊಂದು, ಹುಬ್ಬಳ್ಳಿಯಲ್ಲೊಂದು, ಕಲಬುರಗಿಯಲ್ಲೊಂದು, ಹೀಗೆ ದೊಡ್ಡ ಕಣ್ಣಿನ ವಿಭಾಗವಿರುವ ಮೂರು ಕಡೆಗಳಲ್ಲಿ, ಕಡೆಗೆ ಇಪ್ಪತ್ತಿಪ್ಪತ್ತು ಜನರಂತೆ ಸೇರಿಸಿಕೊಂಡು ಪ್ರಯೋಗಮಾಡಿ ನೋಡಲಿ. ಈ ಅರುವತ್ತು ಜನರೂ ತರುಣರು ಕುಳಿತ ಪರೀಕ್ಷೆಗೇ ಕುಳಿತುಕೊಳ್ಳಲಿ. ಫಲಿತಾಂಶವನ್ನು ಸಾರ್ವಜನಿಕರ ಮುಂದಿಡಲಿ. ಪ್ರೌಢರು ಸೋತರೆ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಗೆದ್ದರೆ ವಯಸ್ಸಿನ ಮಾತನ್ನು ಅಧಿಕಾರಿಗಳು ಇನ್ನೆಂದೂ ಎತ್ತಬಾರದು. ಇದಕ್ಕೆ ಹೊಸ ಶಾಸನ ಬೇಕಾಗಿಲ್ಲ, ಹೊಸ ಕಟ್ಟಡವೂ ಬೇಕಾಗಿಲ್ಲ. ಶಾಸನವು ಈಗಾಗಲೇ ಕೊಟ್ಟಿರುವ ಆರು ವರ್ಷಗಳನ್ನು ದುಡಿಯುವ ಜನರಿಗೆ ದೊರಕಿಸಿಕೊಡುವ ಮನಸ್ಸೊಂದಿದ್ದರೆ ಸಾಕು.